ಗೌರಿಹೂ ನೆಲ ನೋಡುವುದೇಕೆ

ಲೋಕ ಇನ್ನೂ ಹೊಸದಾಗಿತ್ತು, ಮಗು. ಬೆಟ್ಟಗಳಿಗೆ ಹೆಸರಿರಲಿಲ್ಲ, ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ "ಸಮುದ್ರ ಯಾವ ಕಡೆ?" ಎಂದು ಕೇಳಿಕೊಂಡು ಅಲೆಯುತ್ತಿದ್ದವು. ಆಗ ನಮ್ಮ ಕಾಡಿನ ತುಂಬ ಗೌರಿಹೂ. ಮುಂಗಾರು ಬಿದ್ದರೆ ಸಾಕು, ಪೊದೆ ಪೊದೆಯಲ್ಲೂ ಹಳದಿ, ಕೆಂಪು. ದೂರದಿಂದ ನೋಡಿದ ಗಾಳಿ, ಕಾಡಿಗೆ ಬೆಂಕಿ ಬಿತ್ತೆಂದು ಹೆದರಿ ಇನ್ನಷ್ಟು ಮಳೆ ಕರೆತರುತ್ತಿತ್ತು. ಅಷ್ಟು ಪೆದ್ದು ಗಾಳಿ ಅದು.

ಆ ಕಾಡಿನಲ್ಲಿ ಕೇತಮ್ಮ ಎಂಬ ಹೆಂಗಸಿದ್ದಳು. ಗೆಣಸು ಅಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಲು ನಿಯತ್ತಿನವಳು. ಕಾಡುಗೆಣಸು ಅಗೆದರೆ ಬುಡವನ್ನಷ್ಟೇ ಮುರಿದುಕೊಂಡು, ಬಳ್ಳಿ ಅಂಟಿದ ತಲೆಯನ್ನು ಮತ್ತೆ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಿದ್ದಳು.

"ನಿನ್ನ ತಲೆ ನಿಂಗೆ, ಬುಡ ನಂಗೆ. ಮುಂದಿನ ವರ್ಸ ಮತ್ತೆ ಬಾರವ್ವ" ಎನ್ನುತ್ತಿದ್ದಳು.

ಮುಂದಿನ ವರ್ಷ ಗೆಣಸು ಬಂದೇ ಬರುತ್ತಿತ್ತು. ಬೆಟ್ಟದ ಜನರೆಲ್ಲ ಹಾಗೇ ಮಾಡುತ್ತಿದ್ದರು.

ಒಂದು ಮಳೆಗಾಲ ಅವಳ ಮಗಳು ಬೊಮ್ಮಿಯ ಮಂಡಿ ಊದಿ ಕುಂಬಳಕಾಯಿಯಾಯಿತು. ಹುಡುಗಿ ನಡೆಯಲಾರಳು, ಅಳು ನಿಲ್ಲಿಸಲಾರಳು. ಕೇತಮ್ಮ ಗೌರಿಹೂವಿನ ಮುಂದೆ ನಿಂತು ಕೈಮುಗಿದಳು.

"ನನ್ನ ಗೆಡ್ಡೆ ವಿಷ ಕಣಕ್ಕ, ಬಾಯಿಗಿಟ್ರೆ ಜೀವ ಹೋಯ್ತದೆ. ಅರೆದು ಮೇಲೆ ಹಚ್ಚು" ಎಂದಿತು ಹೂ. (ನೀನು ಮುಟ್ಟೀಯ, ಜೋಕೆ!) ಕೇಳಿದವರಿಗೆ ಇಲ್ಲ ಎನ್ನಲು ಅದಕ್ಕೆ ಬರುತ್ತಿರಲಿಲ್ಲ. ಆದರೆ ತನ್ನ ಗೆಡ್ಡೆ ಹೇಗಿದೆಯೆಂದು ಅದೇ ಒಮ್ಮೆಯೂ ನೋಡಿರಲಿಲ್ಲ. ಆಗೆಲ್ಲ ಅದರ ಮುಖ ಆಕಾಶದ ಕಡೆಗೇ ಇರುತ್ತಿತ್ತು.

ಕೇತಮ್ಮ ಅಗೆದಳು. ಗೆಡ್ಡೆ ಎರಡು ಕವಲಾಗಿತ್ತು. ಎರಡೂ ಕವಲನ್ನು ಮುರಿದುಕೊಂಡು, ಬಳ್ಳಿ ಅಂಟಿದ ತಲೆಯನ್ನು ಮಣ್ಣಲ್ಲಿಟ್ಟಳು. "ನಿನ್ನ ತಲೆ ನಿಂಗೆ, ಬುಡ ನಂಗೆ."

ಪಕ್ಕದ ಬಿಲದಿಂದ ಮುಳ್ಳುಹಂದಿ ಮೂತಿ ಹೊರಹಾಕಿತು.

"ಅಯ್ಯೋ, ಏನಕ್ಕ ಮಾಡ್ದೆ? ಇದು ಗೆಣಸಲ್ಲ! ಇದರ ಮೊಳಕೆ ಇರೋದು ಕವಲಿನ ತುದೀಲಿ, ತಲೇಲಲ್ಲ. ನಾನು ಕೆಳಗಿಂದ ನೋಡಿವ್ನಿ."

"ಗೆಣಸು ಕದಿಯೋ ಕಳ್ಳ ನೀನು, ನಂಗೆ ಅಗೆಯೋದು ಕಲಿಸ್ತೀಯಾ? ಹೋಗು, ಹೋಗು!" ಕೇತಮ್ಮ ಅಗೆಯುವ ಕೋಲು ಬೀಸಿದಳು.

ಬೊಮ್ಮಿಯ ಊತ ಇಳಿಯಿತು. ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹೋಯಿತು. ಮಂಡಿ ನೋವಿನವರು ಬಂದರು, ಸೊಂಟ ನೋವಿನವರು ಬಂದರು, ಏನೂ ನೋವಿಲ್ಲದವರೂ ಮನೆಯಲ್ಲಿರಲಿ ಎಂದು ಬಂದರು. ಬಂದವರೆಲ್ಲ ಕವಲು ಮುರಿದುಕೊಂಡರು, ತಲೆಯನ್ನು ಜೋಪಾನವಾಗಿ ಮಣ್ಣಲ್ಲಿಟ್ಟರು, ಮುಂದಿನ ವರ್ಷ ಬಾರವ್ವ ಎಂದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೆಟ್ಟವರು ಮಾಡಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮುಂಗಾರು ಬಂತು. ಕಾಡೆಲ್ಲ ಹಸಿರಾಯಿತು. ಗೌರಿಹೂ ಬರಲಿಲ್ಲ.

ಕೇತಮ್ಮ ತಾನೂ ಬಂದವರೂ ಮುಚ್ಚಿದ ಗುಂಡಿಗಳನ್ನು ಕೆದಕಿ ನೋಡಿದಳು. ತಲೆಗಳೆಲ್ಲ ಕೊಳೆತು ಮಣ್ಣಾಗಿದ್ದವು. ಎದ್ದು ಮುಳ್ಳುಹಂದಿಯ ಬಿಲದ ಬಾಯಿಗೆ ಹೋದಳು.

"ನೀ ಹೇಳಿದ್ದೇ ಸರಿಯಾಯ್ತು ಕಣೋ" ಎಂದಳು ಮುಳ್ಳುಹಂದಿಗೆ.

"ಸುಳ್ಳಾಗಿದ್ರೇ ಚೆನ್ನಾಗಿತ್ತಕ್ಕ" ಎಂದಿತು ಅದು.

ಇಬ್ಬರೂ ಕಾಡೆಲ್ಲ ಹುಡುಕಿದರು. ಕೊನೆಗೆ, ಯಾರ ಕೋಲೂ ತಲುಪದ ಬಿದಿರುಮೆಳೆಯೊಳಗೆ ಒಂದೇ ಒಂದು ಗೌರಿಹೂ ಅರಳಿತ್ತು.

"ಅಕ್ಕ, ನಮ್ಮವರೆಲ್ಲ ಎಲ್ಲಿ? ಮಳೆ ಬಂದ್ರೂ ಯಾಕೆ ಯಾರೂ ಎದ್ದಿಲ್ಲ?" ಎಂದು ಕೇಳಿತು ಹೂ.

ಕೇತಮ್ಮ ಹೂವಿನ ಮುಂದೆ ಕೂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ತಪ್ಪು ನಂದು ಕಣವ್ವ. ನೆಟ್ಟಿವ್ನಿ ಅಂದ್ಕೊಂಡು ಎಲ್ಲಾರ್ನೂ ಹೂತಾಕ್ಬುಟ್ಟೆ."

ಹೂ ಬೈಯಲಿಲ್ಲ. ಮೆಲ್ಲಗೆ ಕತ್ತು ಬಗ್ಗಿಸಿ ಮೊದಲ ಸಲ ನೆಲವನ್ನು ನೋಡಿತು. ಅಡ್ಡ ಬಂದ ಎಸಳುಗಳನ್ನೆಲ್ಲ ಹಿಂದಕ್ಕೆ ಮಡಚಿಕೊಂಡು ಮತ್ತೆ ನೋಡಿತು. ಯಾರಾದರೂ ಏಳುತ್ತಾರೇನೋ ಎಂದು ನೋಡುತ್ತಲೇ ಇತ್ತು. ತನ್ನನ್ನೂ ಕಿತ್ತುಬಿಟ್ಟಾರೆಂದು ಎಲೆಗಳ ತುದಿಯನ್ನು ಸುರುಳಿ ಮಾಡಿ ಬಿದಿರನ್ನು ಬಿಗಿಯಾಗಿ ಹಿಡಿದುಕೊಂಡಿತು.

ಕೇತಮ್ಮ ಬದುಕಿರುವ ತನಕ ಆ ಒಂದು ಬಳ್ಳಿಯನ್ನು ಕಾದಳು. ಬೀಜ ಉದುರಿದಲ್ಲಿ ಇಲ್ಲೊಂದು, ಅಲ್ಲೊಂದು ಎದ್ದಿತು, ಅಷ್ಟೇ.

ಅದಕ್ಕೇ ಮಗು, ಇವತ್ತಿಗೂ ದಿನವಿಡೀ ಕಾಡು ಸುತ್ತಿದರೆ ನಿನಗೆ ಸಿಗುವುದು ಒಂದೋ ಎರಡೋ ಗೌರಿಹೂ, ಸಿಕ್ಕಿದ್ದೂ ಪಕ್ಕದ ಗಿಡವನ್ನು ಬಿಗಿಯಾಗಿ ಹಿಡಿದು, ತಲೆ ತಗ್ಗಿಸಿ, ತನ್ನವರು ಇನ್ನೂ ಏಳಲಿಲ್ಲವಲ್ಲ ಎಂದು ನೆಲವನ್ನೇ ನೋಡುತ್ತಿರುತ್ತದೆ.