ಮೂರು ಲಂಬಕೋನಗಳ ತ್ರಿಕೋನ

ನೂರೆಪ್ಪತ್ತು ವರ್ಷಗಳ ಹಿಂದೆ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಲೆಬ್ರೆಕ್ಟ್ ಎಂಬ ಗಣಿತದ ಅಧ್ಯಾಪಕರಿದ್ದರು. ಅವರ ಮೇಜಿನ ಮೇಲಿದ್ದ ಕರಿಮರದ ಅಡಿಪಟ್ಟಿಗೆ ತಾನು ನೇರವೆಂದು ಬಲು ಹೆಮ್ಮೆ. ಎಂಥ ತ್ರಿಕೋನವಾದರೂ ಅದರ ಮೂರು ಕೋನಗಳು ಸೇರಿದರೆ ಎರಡೇ ಲಂಬಕೋನ, ಕೂದಲೆಳೆಯಷ್ಟೂ ಹೆಚ್ಚಿಲ್ಲ ಎಂದು ಅದು ಇಪ್ಪತ್ತು ವರ್ಷಗಳಿಂದ ಸಾಧಿಸಿಕೊಂಡು ಬಂದಿತ್ತು.

ಒಂದು ಬೆಳಿಗ್ಗೆ ಅಧ್ಯಾಪಕರು ಅಡಿಪಟ್ಟಿಯನ್ನು ಬದಿಗಿಟ್ಟು, ಮರದ ಚೆಂಡೊಂದರ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರು.

“ಎಳೆದತ್ತ ಬಾಗುವ ನಿನಗೆ ತ್ರಿಕೋನದ ಉಸಾಬರಿ ಏಕೆ?” ಎಂದಿತು ಅಡಿಪಟ್ಟಿ.

“ನಾನಾಗಿ ಬಾಗಿಲ್ಲ ಸ್ವಾಮಿ. ಈ ದುಂಡು ನೆಲದಲ್ಲಿ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಕೋನಗಳನ್ನು ತಾವೇ ನೋಡಿ,” ಎಂದಿತು ದಾರ.

ದಾರವು ಚೆಂಡಿನ ನೆತ್ತಿಯಿಂದ ನಡುವಿಗೆ ಇಳಿದು, ಅಲ್ಲಿ ಲಂಬವಾಗಿ ತಿರುಗಿ, ಸುತ್ತಿನ ಕಾಲುಭಾಗ ಸಾಗಿ, ಮತ್ತೆ ಲಂಬವಾಗಿ ತಿರುಗಿ ನೆತ್ತಿಗೇ ಏರಿತ್ತು. ಅಡಿಪಟ್ಟಿ ಎಣಿಸಿತು. ಮೂರು ಮೂಲೆ, ಮೂರೂ ಲಂಬಕೋನ. ಮತ್ತೊಮ್ಮೆ ಎಣಿಸಿದರೂ ಮೂರೇ.

“ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳೇ?” ಎಂದು ಅದು ಮೆಲ್ಲಗೆ ಕೇಳಿತು.

“ಸುಳ್ಳಲ್ಲ. ತಾವು ಕಂಡದ್ದು ಚಪ್ಪಟೆ ಕಾಗದವನ್ನು ಮಾತ್ರ,” ಎಂದಿತು ದಾರ.

ಅಷ್ಟರಲ್ಲಿ ಅಧ್ಯಾಪಕರು ಕೆಮ್ಮುತ್ತಲೇ ಲೇಖನಿ ಹಿಡಿದು ಒಂದು ಸಾಲು ಬರೆದರು: ‘ನಕ್ಷತ್ರಗಳಿರುವ ಆಕಾಶವೇ ಹೀಗೆ ಬಾಗಿದ್ದರೆ, ಒಳಗಿರುವ ನಾವು ಅದನ್ನು ಅಳೆದೇ ತಿಳಿಯಬೇಕು.’

ಅಡಿಪಟ್ಟಿ ಕಿಟಕಿಯಾಚೆಯ ಬಾನನ್ನು ನೋಡಿತು. ಅಷ್ಟು ದೊಡ್ಡದರ ಮುಂದೆ ತಾನು ಬರೀ ಒಂದಡಿಯ ಮರ ಎಂದು ಅದಕ್ಕೆ ಅಂದು ಹೊಳೆಯಿತು. ಆ ಸಾಲಿನ ಕೆಳಗೆ ಗೆರೆ ಎಳೆಯಲು ಅಧ್ಯಾಪಕರು ಕೈಗೆತ್ತಿಕೊಂಡಾಗ, ಅದು ಅಂದೇ ಕೆಲಸಕ್ಕೆ ಸೇರಿದವರಂತೆ ಉಸಿರು ಬಿಗಿಹಿಡಿದು ಕಾಗದದ ಮೇಲೆ ಮೈಚಾಚಿತು.