ಯಾರೂ ಇಲ್ಲದ ಉಪ್ಪಿನಾಗರ

“ಗುರುಗಳೇ, ಚಿತ್ರಗಳು ಕುಪ್ಪಳಿಸದೆ ನೀರಿನಂತೆ ಹರಿಯಬೇಕಾದರೆ ಯಾವ ಸಾಫ್ಟ್‌ವೇರ್ ಒಳ್ಳೆಯದು?” ಎಂದು ಮರುಳಸಿದ್ಧ ಕೇಳಿದ.

ಮಠದ ಹಿಂದಿನ ಕಲ್ಯಾಣಿಯ ಹೂಳೆತ್ತುವ ಕೆಲಸ ಬೇಸಗೆಯಿಡೀ ನಡೆದಿತ್ತು. ಗೋಡೆಯ ಮೇಲೆ ಕ್ಯಾಮೆರಾ ಕೂರಿಸಿ, ಅದು ಕೆಲವು ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಮಾಡಿದವನು ಈ ಶಿಷ್ಯನೇ. ಆ ಚಿತ್ರಗಳನ್ನೆಲ್ಲ ಪೋಣಿಸಿದರೆ ಇಡೀ ಬೇಸಗೆ ಒಂದೇ ನಿಮಿಷದಲ್ಲಿ ಕಣ್ಣ ಮುಂದೆ ಹಾದುಹೋಗುತ್ತದೆ. ಅದಕ್ಕೆ ಟೈಮ್‌ಲ್ಯಾಪ್ಸ್ ಎನ್ನುತ್ತಾರೆ. ಯಾವುದರಲ್ಲಿ ಪೋಣಿಸಬೇಕು, ಕೊನೆಗೆ ವಿಡಿಯೋ ಹೊರತೆಗೆಯುವಾಗ ಯಾವ ಸೆಟ್ಟಿಂಗ್ ಇಡಬೇಕು ಎಂಬುದೇ ಅವನಿಗೆ ತಲೆನೋವಾಗಿತ್ತು.

“ಇನ್ನೊಂದು ತೊಂದರೆಯೂ ಇದೆ,” ಎಂದ ಅವನು. “ನಡುನಡುವೆ ಹೂಳು ಹೊರುವವರು ಬಂದು ನಿಲ್ಲುತ್ತಾರೆ. ಒಂದು ಚಿತ್ರದಲ್ಲಿ ಇರುತ್ತಾರೆ, ಮುಂದಿನದರಲ್ಲಿ ಇರುವುದಿಲ್ಲ. ನೋಡುವಾಗ ಕಣ್ಣಿಗೆ ಚುಚ್ಚುತ್ತದೆ. ಅಂಥವನ್ನೆಲ್ಲ ತೆಗೆದುಬಿಡಲೇ?”

“ಮೊಬೈಲಿನ ಸದ್ದು ಅಡಗಿಸಲು ನಿನ್ನನ್ನೇ ಕೂಗುವವನು ನಾನು,” ಎಂದರು ಗುರುಗಳು. “ನನ್ನ ಹತ್ತಿರ ಸಾಫ್ಟ್‌ವೇರ್ ವಿಚಾರಿಸುತ್ತೀಯಲ್ಲ. ಅದನ್ನು ಬಲ್ಲವನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ, ಕೂತುಕೋ.”

ಒಬ್ಬ ಛಾಯಾಗ್ರಾಹಕ. ಕಡಲ ತೀರದ ಒಂದು ಉಪ್ಪಿನಾಗರದಲ್ಲಿ ಗೋದಾಮಿನ ಮಾಡಿನ ಮೇಲೆ ಕ್ಯಾಮೆರಾ ಕಟ್ಟಿದ. ಆಗರವೆಂದರೆ ಉಪ್ಪು ಬೆಳೆಯುವ ಗದ್ದೆ. ಉಬ್ಬರದ ಹೊತ್ತಿಗೆ ತೂಬು ಎತ್ತಿ, ಹೊಳೆಗೆ ಏರಿಬಂದ ಕಡಲನೀರನ್ನು ಪಾತಿಗಳಿಗೆ ಬಿಟ್ಟುಕೊಳ್ಳುತ್ತಾರೆ. ನೀರು ಬಿಸಿಲಿಗೆ ಆರುತ್ತದೆ, ತಳದಲ್ಲಿ ಉಪ್ಪು ಕೂರುತ್ತದೆ. ಕೆಲಸದವರು ಅದನ್ನು ಬಾಚಿ ಬದುವಿನ ಮೇಲೆ ರಾಶಿ ಹಾಕುತ್ತಾರೆ. ಇಷ್ಟನ್ನೂ ಒಂದು ನಿಮಿಷದಲ್ಲಿ ತೋರಿಸಬೇಕೆಂಬುದು ಅವನ ಆಸೆ. ನಗರದಲ್ಲೊಂದು ಸ್ಪರ್ಧೆಯಿತ್ತು, ಅದಕ್ಕೆ ಕಳಿಸಬೇಕೆಂದಿದ್ದ.

ಆಗಾಗ ಬಂದು ಬ್ಯಾಟರಿ ಬದಲಿಸಿ, ಕಾರ್ಡು ಬದಲಿಸಿ ಹೋಗುತ್ತಿದ್ದ. ಆಗರದವರೊಡನೆ ಮಾತು ಕಡಿಮೆ. ಸೊಕ್ಕಿನವನಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಅವನ ಕಣ್ಣು ಪಾತಿಯ ಮೇಲಿತ್ತು, ಅಷ್ಟೆ. ಮೊದಲ ಮಳೆ ಬಿದ್ದು ಕೆಲಸ ನಿಂತಾಗ ಕ್ಯಾಮೆರಾ ಇಳಿಸಿಕೊಂಡು ತನ್ನ ಊರಿಗೆ ಹೋದ.

ಅಲ್ಲಿ ಕೂತು ಸಾಫ್ಟ್‌ವೇರ್ ಹುಡುಕಿದ. ಮೊದಲು ಸಿಕ್ಕಿದ್ದು ಪುಕ್ಕಟೆಯದು. ಅದು ಚಿತ್ರಗಳನ್ನು ಸರಸರ ಪೋಣಿಸಿತು, ಆದರೆ ಮೋಡ ಬಂದಲ್ಲೆಲ್ಲ ವಿಡಿಯೋ ಮಿಣುಕಿತು. ಎರಡನೆಯದು ಆ ಮಿಣುಕನ್ನು ತಿದ್ದಿ, ಎಲ್ಲ ಚಿತ್ರಗಳ ಬೆಳಕನ್ನೂ ಒಂದೇ ಹದಕ್ಕೆ ತಂದಿತು. ಮೂರನೆಯದು ಇನ್ನೂ ಜಾಣ. ನಡುವೆ ಒಂದು ಚಿತ್ರ ಇಲ್ಲದಿದ್ದರೆ ಹಿಂದಿನದನ್ನೂ ಮುಂದಿನದನ್ನೂ ಬೆರೆಸಿ, ತಾನೇ ಒಂದನ್ನು ಕಟ್ಟಿ ತುಂಬುತ್ತಿತ್ತು. ಅವನು ಅದನ್ನೇ ಕೊಂಡ. ಸೆಕೆಂಡಿಗೆ ಮೂವತ್ತು ಚಿತ್ರ ಓಡುವಂತೆ ಇಟ್ಟ. ಅಳತೆಯನ್ನು ದೊಡ್ಡ ಪರದೆಗೆ ಒಪ್ಪುವಂತೆ ಇಟ್ಟ. ಫೈಲು ದೊಡ್ಡದಾದರೂ ಚಿಂತೆಯಿಲ್ಲ, ಉಪ್ಪಿನ ಹರಳು ಮಸುಕಾಗಬಾರದೆಂದು ಗುಣಮಟ್ಟವನ್ನು ತುದಿಗೇರಿಸಿದ. ಇದೆಲ್ಲ ಸರಿಯಾದದ್ದೇ. ನೀನೂ ಹಾಗೇ ಇಡು, ನಾನು ಬೇಡವೆನ್ನುವುದಿಲ್ಲ.

ಉಳಿದ ತೊಡಕು ಮನುಷ್ಯರದು. ಬಾಚುವವರು, ಬುಟ್ಟಿ ಹೊರುವವರು, ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತವರು. ವಿಡಿಯೋ ಓಡಿಸಿದಾಗ ಅವರೆಲ್ಲ ಕರಿ ಚುಕ್ಕೆಗಳಾಗಿ ಎದ್ದೆದ್ದು ಕುಣಿದರು. ಅವನಿಗೆ ಸಹಿಸಲಾಗಲಿಲ್ಲ. ಮನುಷ್ಯರಿದ್ದ ಚಿತ್ರಗಳನ್ನು ಒಂದೊಂದಾಗಿ ಆರಿಸಿ ಅಳಿಸಿದ. ತೆರವಾದ ಜಾಗವನ್ನು ಸಾಫ್ಟ್‌ವೇರ್ ತುಂಬಿಕೊಟ್ಟಿತು. ಈಗ ನೀರು ಬಂತು, ಆರಿತು, ಪಾತಿ ಬೆಳ್ಳಗಾಯಿತು, ರಾಶಿ ಎದ್ದಿತು. ಎಲ್ಲಿಯೂ ಒಮ್ಮೆಯೂ ಎಡವಲಿಲ್ಲ.

ವಿಡಿಯೋವನ್ನು ಸ್ಪರ್ಧೆಗೆ ಕಳಿಸಿದ. ಡಿಸ್ಕ್ ತುಂಬಿಹೋಗಿತ್ತು. ಅಷ್ಟರಲ್ಲಿ ಯಾರದೋ ಮದುವೆಯ ಕೆಲಸ ಬಂತು. ವಿಡಿಯೋ ಕೈಯಲ್ಲಿದೆಯಲ್ಲ, ಇನ್ನು ಮೂಲಚಿತ್ರಗಳೇಕೆ ಎಂದುಕೊಂಡು ಉಳಿದವನ್ನೂ ಅಳಿಸಿದ. ಆ ಜಾಗದಲ್ಲಿ ಮದುವೆಯ ಚಿತ್ರಗಳನ್ನು ತುಂಬಿದ.

ಇನ್ನು ಆಗರದ ಮಾತು. ಅಲ್ಲಿ ತೂಬು ನೋಡಿಕೊಳ್ಳುವ ಒಬ್ಬ ಕೆಲಸಗಾರನಿದ್ದ. ಹಂಗಾಮು ಮುಗಿಯುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಗಂಡಹೆಂಡಿರಿಗೆ ಮಾತಿಗೆ ಮಾತು ಬೆಳೆಯಿತು. ಕಾರಣ ದೊಡ್ಡದೇನಲ್ಲ, ಗಂಜಿ ತಣ್ಣಗಾಗಿತ್ತು. ಅವನು ಬಟ್ಟಲು ತಳ್ಳಿದ. ಅವಳು ಸಿಟ್ಟಿನಲ್ಲಿ, “ಹಂಗಾದ್ರೆ ನೀವು ಈ ಮನೆಗೆ ಬರೂದೇ ಬೇಡ” ಎಂದಳು. ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ಮಧ್ಯಾಹ್ನದವರೆಗೆ ಅವನು ಆಗರದಲ್ಲೇ ಇದ್ದುದನ್ನು ಕಂಡವರಿದ್ದರು. ಎಲ್ಲರೂ ಊಟ ಮುಗಿಸಿ ಬರುವಷ್ಟರಲ್ಲಿ ಇರಲಿಲ್ಲ. ಸಂಜೆ ಮನೆಗೂ ಬರಲಿಲ್ಲ. ಆ ಆಗರದಿಂದ ಹೊರಹೋಗಲು ಇದ್ದದ್ದು ಎರಡೇ ಬದು. ಪಡುವಣ ಬದು ಹೊಳೆಯ ತೂಬಿಗೆ ಹೋಗುತ್ತದೆ, ಮೂಡಣ ಬದು ಲಾರಿ ನಿಲ್ಲುವ ರಸ್ತೆಗೆ. ತೂಬು ಎತ್ತಲು ಹೋಗಿ ಕಾಲು ಜಾರಿ ಬಿದ್ದಿರಬೇಕು, ಇಳಿತದ ನೀರು ಕಡಲಿಗೆ ಎಳೆದಿರಬೇಕು ಎಂದರು ಕೆಲವರು. ಹೆಂಡತಿಯ ಮಾತು ತಾಳದೆ ಉಪ್ಪಿನ ಲಾರಿ ಹತ್ತಿ ಊರು ಬಿಟ್ಟ ಎಂದರು ಉಳಿದವರು. ಆ ದಿನ ಹೊರಗಿನ ಲಾರಿಗಳೂ ಬಂದಿದ್ದವು, ಅವುಗಳ ಚಾಲಕರು ಯಾರಿಗೂ ಗುರುತಿರಲಿಲ್ಲ. ಹೆಣ ಸಿಗಲಿಲ್ಲ.

ಆ ಹೆಂಗಸಿನ ಸ್ಥಿತಿ ಯೋಚಿಸಿ ನೋಡು. ಗಂಡ ಸತ್ತಿದ್ದರೆ ಅತ್ತು ಹಗುರಾಗಬಹುದು. ಬಿಟ್ಟುಹೋಗಿದ್ದರೆ ಬಯ್ದು ಹಗುರಾಗಬಹುದು. ಅವಳಿಗೆ ಎರಡಕ್ಕೂ ದಾರಿಯಿರಲಿಲ್ಲ. ಕೊರಳ ಕರಿಮಣಿ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೈದುನಂದಿರು ಕ್ರಿಯೆ ಮಾಡಿ ಮುಗಿಸೋಣ ಎಂದರು, ಅವಳ ಅಣ್ಣ ಕಾಯೋಣ ಎಂದ. ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ಹೊಳೆಯ ಕಡೆ ಹೋಗಿದ್ದರೆ ಅವನು ಕೆಲಸಕ್ಕೆ ಹೋಗಿ ಸತ್ತವನು. ರಸ್ತೆಯ ಕಡೆ ಹೋಗಿದ್ದರೆ ಅವಳ ಮಾತಿಗೆ ಮನೆ ಬಿಟ್ಟವನು. ಅಷ್ಟು ತಿಳಿಯದೆ ಅವಳು ತನ್ನ ಮುಖವನ್ನು ತಾನೇ ನೋಡಿಕೊಳ್ಳಲಾರದಂತಾಗಿದ್ದಳು.

ನೆಂಟರ ಮನೆ, ಆಸ್ಪತ್ರೆ, ಠಾಣೆ ಎಲ್ಲ ಅಲೆದು ಮುಗಿದ ಮೇಲೆ ಯಾರಿಗೋ ಗೋದಾಮಿನ ಮೇಲಿದ್ದ ಕ್ಯಾಮೆರಾ ನೆನಪಾಯಿತು. ಅವಳು ಅಣ್ಣನನ್ನು ಕರೆದುಕೊಂಡು ಬಸ್ಸು ಹತ್ತಿ ಛಾಯಾಗ್ರಾಹಕನ ಮನೆ ಹುಡುಕಿ ಬಂದಳು. ಒಳಗೆ ಬರುತ್ತಲೇ ಕೇಳಿದಳು:

“ನಮ್ಮನೆಯವ್ರು ಆ ದಿನ ಮಧ್ಯಾಹ್ನ ಯಾವ ಬದಿಗೆ ಹೋದ್ರು, ಅಷ್ಟು ತೋರ್ಸಿ ಸಾಕು. ಹೊಳೆ ಬದಿಗೋ, ರಸ್ತೆ ಬದಿಗೋ. ಮತ್ತೇನೂ ಕೇಳೂದಿಲ್ಲ.”

ಅವನ ಹತ್ತಿರ ಇದ್ದದ್ದು ಆ ವಿಡಿಯೋ ಒಂದೇ. ಅದನ್ನೇ ಹಾಕಿದ. ಅವಳು ನೆಲದ ಮೇಲೆ ಕೂತು, ರೆಪ್ಪೆ ಬಡಿಯದೆ ನೋಡಿದಳು. ಆ ದಿನ ಬಂತು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಯಿತು. ನಿಧಾನ ಮಾಡಿ ಎಂದಳು. ನಿಧಾನ ಮಾಡಿದ. ಆ ಮಧ್ಯಾಹ್ನದ ಎರಡೂ ಬದುಗಳು ಖಾಲಿಯಿದ್ದವು. ಅದು ನಿಜವಾದ ಮಧ್ಯಾಹ್ನವೋ ಸಾಫ್ಟ್‌ವೇರ್ ಕಟ್ಟಿ ತುಂಬಿದ್ದೋ ಎಂದು ಹೇಳಲು ಈಗ ಅವನಿಂದಲೂ ಆಗುತ್ತಿರಲಿಲ್ಲ. ಅವಳು ಮೊದಲಿನಿಂದ ಮತ್ತೊಮ್ಮೆ ನೋಡಿ ಕೇಳಿದಳು:

“ಇಷ್ಟು ಉಪ್ಪು ತನ್ನಷ್ಟಕ್ಕೇ ಎದ್ದು ರಾಶಿಯಾಯ್ತಾ?”

ಆಗ ಅವನಿಗೆ ನೆನಪಾಯಿತು. ಅಳಿಸಿದ ಚಿತ್ರಗಳಲ್ಲಿ ಒಂದರಲ್ಲಿ ಒಬ್ಬನೇ ಒಬ್ಬನಿದ್ದ. ಹೆಗಲ ಮೇಲೆ ಟವೆಲ್ ಇತ್ತು. ಸುತ್ತ ಯಾರೂ ಇರಲಿಲ್ಲ. ಒಂಟಿಯಾಗಿದ್ದುದರಿಂದಲೇ ಉಳಿದವರಿಗಿಂತ ಹೆಚ್ಚು ಕಣ್ಣಿಗೆ ಚುಚ್ಚಿದ್ದ. ಅವನು ಪಡುವಣ ಬದುವಿನಲ್ಲಿದ್ದನೋ ಮೂಡಣ ಬದುವಿನಲ್ಲಿದ್ದನೋ ಎಂದು ತಲೆ ಹಿಡಿದು ಕೂತರೂ ಹೊಳೆಯಲಿಲ್ಲ. ಬೆರಳು ಅಳಿಸುವ ಕೀಲಿ ಒತ್ತಿದ್ದು ಮಾತ್ರ ನೆನಪಿತ್ತು.

ಏನಾದರೊಂದು ಹೇಳಿ ಕಳಿಸಬಹುದಿತ್ತು. ಹೊಳೆಯ ಕಡೆ ಎಂದರೆ ಅವಳು ವಿಧವೆ. ರಸ್ತೆಯ ಕಡೆ ಎಂದರೆ ಗಂಡ ಬಿಟ್ಟವಳು. ಯಾವ ಸುಳ್ಳು ಅವಳಿಗೆ ಒಳ್ಳೆಯದೆಂದು ಆರಿಸಲು ಅವನಿಗೆ ಧೈರ್ಯ ಬರಲಿಲ್ಲ. ಸಾಫ್ಟ್‌ವೇರ್ ಆರಿಸಿದಷ್ಟು ಸುಲಭದ ಕೆಲಸ ಅದಲ್ಲ. “ಅವರಿದ್ದ ಚಿತ್ರ ಅಳಿಸಿಬಿಟ್ಟೆನಮ್ಮಾ” ಎಂದಷ್ಟೇ ಹೇಳಿದ.

ಅವಳು ಬಯ್ಯಲಿಲ್ಲ. ಅಣ್ಣ ರೇಗಲು ಹೊರಟಾಗ ಅವನ ತೋಳು ಹಿಡಿದು ತಡೆದಳು. ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸು ತಪ್ಪುತ್ತದೆ ಎಂದು ಎದ್ದಳು.

ಆ ವಿಡಿಯೋಗೆ ಬಹುಮಾನ ಬಂತು. ಎಲ್ಲಿಯೂ ಒಂದು ಕಲೆಯಿಲ್ಲ ಎಂದು ತೀರ್ಪುಗಾರರು ಹೊಗಳಿದರು. ಛಾಯಾಗ್ರಾಹಕ ಬಹುಮಾನ ತರಲು ಹೋಗಲಿಲ್ಲವಂತೆ. ಅದರಿಂದ ಯಾರಿಗೇನು ಬಂತು? ಅವಳು ಮುದುಕಿಯಾದಳು. ಕರಿಮಣಿ ಕೊರಳಲ್ಲೇ ಉಳಿಯಿತು, ಗಂಡನ ಕ್ರಿಯೆ ಆಗಲಿಲ್ಲ. ಗಂಜಿಯನ್ನು ಮಾತ್ರ ದಿನವೂ ಬಿಸಿಯಾಗಿ ಬಡಿಸಿ ಹೊರಗೆ ನೋಡುತ್ತಿದ್ದಳು ಎನ್ನುತ್ತಾರೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಮಾಡಿದ್ದು ಎಲ್ಲರೂ ಮಾಡುವುದೇ. ಆ ಹೆಂಗಸನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಅದು ಮುಗಿದಂತೆ ಅನಿಸಲಿಲ್ಲ. ಮುಂದೆ ಇನ್ನೇನೋ ಇದೆ ಎಂದುಕೊಂಡಿದ್ದ. ಏನೂ ಬರದಿದ್ದಾಗ ತಡೆಯಲಾರದೆ ಕೇಳಿದ:

“ಗುರುಗಳೇ, ಕೊನೆಗೆ ಅವನು ಹೋದದ್ದು ಯಾವ ಕಡೆಗೆ?”

“ನಿನಗೂ ಈಗ ಆ ಅಳಿಸಿದ ಚಿತ್ರವೇ ಬೇಕಾಯಿತು,” ಎಂದರು ಗುರುಗಳು.