ಎದುರು ಅಂಚಿನ ಭಾರ

ಹೊತ್ತು, ಬೆಳಗಿನ ಪಾಠ ಮುಗಿದ ಮೇಲೆ. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಇದ್ದವರು ಇಬ್ಬರೇ: ಮಠದ ಗುರುಗಳು ಮತ್ತು ಶಿಷ್ಯ ಚನ್ನವೀರ. ಬಾಗಿಲು ತೆರೆದಿತ್ತು. ಚನ್ನವೀರನಿರುವ ಕೋಣೆಗೆ ಯಾರೂ ಅಗುಳಿ ಹಾಕಕೂಡದೆಂದು ಗುರುಗಳ ಕಟ್ಟಪ್ಪಣೆಯಿತ್ತು. ಅವನ ಬಾಲ್ಯದಲ್ಲಿ ತಂದೆ ಹೊಡೆಯುವ ಮುನ್ನ ಅಗುಳಿ ಹಾಕುತ್ತಿದ್ದ. ಆ ಸದ್ದಿಗೆ ಅವನಿಗೆ ಇಂದಿಗೂ ಉಸಿರು ಕಟ್ಟುತ್ತಿತ್ತು.

ಚನ್ನವೀರ ಕೇಳಿದ: "ಪಟ್ಟಣದ ಆಪ್ತಸಮಾಲೋಚಕಿಯ ಬಳಿಗೆ ಹೋಗೆಂದು ತಮ್ಮ ಅಪ್ಪಣೆಯಾಗಿದೆ. ಆದದ್ದು ಆಗಿಹೋಯಿತು. ತಂದೆಯೂ ತೀರಿಕೊಂಡರು. ಅದನ್ನು ಇನ್ನೊಬ್ಬರೆದುರು ಹೇಳಿಕೊಂಡರೆ ಏನು ಬದಲಾಗುತ್ತದೆ? ಆಕೆ ನನಗೇನು ಮಾಡಿಯಾಳು?"

"ಬೆನ್ನು ನೆಟ್ಟಗಿರಲಿ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಅವನೂ ತಮ್ಮನೂ ಕೂಡಿ ಒಂದು ಹರಿಗೋಲು ನಡೆಸುತ್ತಿದ್ದರು. ಹರಿಗೋಲು ಬಿದಿರು ಹೆಣೆದ ದುಂಡನೆಯ ಬುಟ್ಟಿ. ಒಬ್ಬ ಒಂದು ಅಂಚಿನಲ್ಲಿ ಕೂತು ಹುಟ್ಟು ಹಾಕಿದರೆ, ಇನ್ನೊಬ್ಬ ಎದುರು ಅಂಚಿನಲ್ಲಿ ಕೂರಬೇಕು. ಇಲ್ಲದಿದ್ದರೆ ಅದು ಒಂದೇ ಕಡೆಗೆ ವಾಲುತ್ತದೆ. ಹೊಳೆ ದಾಟಿಸುವ ಆ ಕಡವಿನ ಕ್ರಮ ಅದು.

ಒಂದು ಮಳೆಗಾಲ, ನಡುಹೊಳೆಯ ಸುಳಿಯಲ್ಲಿ ಹರಿಗೋಲು ಮಗುಚಿತು. ಅಂಬಿಗ ತಮ್ಮನ ಕೈ ಹಿಡಿದ. ಕೈ ಜಾರಿತು. ತಮ್ಮ ಸಿಗಲಿಲ್ಲ.

ಅಂದಿನಿಂದ ಅಂಬಿಗ ಎದುರು ಅಂಚಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಒಂದು ಕಲ್ಲನ್ನಿಟ್ಟ. ದಡದ ಬದಿಯ ನಿಂತ ನೀರಿಗೆ ಕಲ್ಲು ಸಾಕಾಗುತ್ತಿತ್ತು. ಆದರೆ ಕಲ್ಲಿಗೆ ಹೊಳೆ ತಿಳಿಯದು. ಸುಳಿಯ ಹತ್ತಿರ ಹರಿಗೋಲು ವಾಲಿದೊಡನೆ ಅದು ಅವನತ್ತಲೇ ಜಾರಿ ಬರುತ್ತಿತ್ತು. ಅವನು ಬೆವತು ಹಿಂತಿರುಗುತ್ತಿದ್ದ. ಕಡೆಗೆ ಆಚೆ ದಡಕ್ಕೆ ಹೋಗುವುದನ್ನೇ ಬಿಟ್ಟ.

ತಮ್ಮನ ಮಗಳನ್ನು ಆಚೆ ದಡದ ಊರಿಗೆ ಕೊಟ್ಟಿದ್ದರು. ಅವಳು ಹಡೆದಳು. "ದೊಡ್ಡಪ್ಪ ಬಂದು ಎತ್ತಿಕೊಳ್ಳುವ ತನಕ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ, ಹೆಸರೂ ಇಡುವುದಿಲ್ಲ," ಎಂದು ಹೇಳಿ ಕಳುಹಿಸಿದಳು. ಅಂಬಿಗ ಹುಟ್ಟು ಹಿಡಿದು ದಡದಲ್ಲೇ ಕೂತ.

ಆ ಕಡವಿನಲ್ಲಿ ಹರಿಗೋಲುಗಳಿಗೆ ಡಾಂಬರು ಬಳಿಯುವ ಒಬ್ಬ ಮುದುಕಿಯಿದ್ದಳು. ಅವಳು ಬಂದು ಹೇಳಿದಳು: "ಆ ಕಲ್ಲು ಇಳಿಸೋ. ಅಲ್ಲಿ ನಾನು ಕೂತ್ಕೋತೀನಿ."

"ನಿನಗೆ ಹುಟ್ಟು ಹಾಕೋಕೆ ಬರುತ್ತೇನಜ್ಜಿ?"

"ನನಗ್ಯಾಕಪ್ಪಾ ಆ ಉಸಾಬರಿ? ಅಂಬಿಗ ನೀನೋ ನಾನೋ? ಸಾಕು ಅನ್ನಿಸಿದರೆ ತಿರುಗಿಸು, ಬೈಯೋದಿಲ್ಲ. ಸುಮ್ಮನೆ ಕೂತರೆ ನನಗೆ ನಿದ್ದೆ ಬರುತ್ತೆ, ಏನಾದರೂ ಮಾತಾಡ್ತಿರು."

ಮೊದಲ ದಿನ ಅವರು ಸ್ವಲ್ಪವೇ ದೂರ ಹೋದರು. ಅವನು ತಮ್ಮನ ಹೆಸರನ್ನಷ್ಟೇ ಹೇಳಿ ಹರಿಗೋಲನ್ನು ಹಿಂತಿರುಗಿಸಿದ. ಮರುದಿನ ಇನ್ನಷ್ಟು ದೂರ, ಇನ್ನಷ್ಟು ಮಾತು. ಅಳಬೇಡವೆಂದು ಅವಳು ಹೇಳಲಿಲ್ಲ. ಮುಂದೆ ಹೋಗೆಂದೂ ಹೇಳಲಿಲ್ಲ. ಹರಿಗೋಲು ಅತ್ತ ವಾಲಿದರೆ ಇತ್ತ ಬಾಗಿದಳು. ಇತ್ತ ವಾಲಿದರೆ ಅತ್ತ ಬಾಗಿದಳು.

ಹೀಗೆ ಒಂದು ದಿನ ಸುಳಿಯ ಅಂಚಿಗೆ ಬಂದರು. "ಇಲ್ಲೇ ಕೈ ಜಾರಿದ್ದು," ಎಂದ ಅಂಬಿಗ. ಅದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹುಟ್ಟನ್ನು ಮಡಿಲಿಗೆ ಎಳೆದುಕೊಂಡು ಬಿಕ್ಕಿದ. ಹರಿಗೋಲು ತಿರುಗತೊಡಗಿತು. ಹುಟ್ಟು ಮುದುಕಿಯ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವಳು ಮುಟ್ಟಲಿಲ್ಲ. ಎರಡೂ ಕೈಗಳಿಂದ ಅಂಚು ಹಿಡಿದು, ಹಿಂದಕ್ಕೆ ಬಾಗಿ, ಹರಿಗೋಲನ್ನು ಮಟ್ಟವಾಗಿರಿಸಿದಳು. ಅವನು ಅತ್ತು ಮುಗಿಸಿ, ತಾನೇ ಹುಟ್ಟು ಹಾಕಿ ಸುಳಿ ದಾಟಿದ.

ಆಚೆ ದಡದಲ್ಲಿ ತಮ್ಮನ ಮಗಳು ಕೂಸನ್ನು ಅವನ ಕೈಗಿಟ್ಟಳು. "ಗಟ್ಟಿಯಾಗಿ ಹಿಡ್ಕೋ ದೊಡ್ಡಪ್ಪಾ," ಎಂದಳು.

ಅವನು ಹಿಡಿದ.

ಸುಳಿ ಇದ್ದಲ್ಲೇ ಇದೆ. ಅವನು ಈಗ ದಿನವೂ ಎದುರು ಅಂಚಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು, ಅದರ ಪಕ್ಕದಲ್ಲೇ ಹಾದು ಕೂಸನ್ನು ನೋಡಿ ಬರುತ್ತಾನೆ.

ಗುರುಗಳು ನಿಲ್ಲಿಸಿದರು. ಚನ್ನವೀರ ಕೇಳಿದ: "ಹೊಳೆ ದಾಟಿದ್ದು ಅಂಬಿಗನೇ. ಹುಟ್ಟು ಹತ್ತಿರವಿದ್ದರೂ ಆ ಅಜ್ಜಿ ಏಕೆ ಮುಟ್ಟಲಿಲ್ಲ?"

"ಮುಟ್ಟಿದ್ದರೆ ದಾಟುತ್ತಿದ್ದವಳು ಅಜ್ಜಿ."

ಚನ್ನವೀರ ತಲೆ ತಗ್ಗಿಸಿದ. ಬೆನ್ನು ಬಾಗಿತು. ಗುರುಗಳು ಅದನ್ನು ತಿದ್ದಲಿಲ್ಲ. ಅವನು ತೆರೆದ ಬಾಗಿಲಿನತ್ತ ನೋಡಿದ. ಆಮೇಲೆ ಗುರುಗಳು ಹೇಳಿದರು:

"ನಾಳೆ ಹೊರಡು. ಸಮಾಲೋಚಕಿಯ ಕೋಣೆಯ ಅಗುಳಿ ನಿನ್ನ ಕೈಯಲ್ಲೇ ಇರಬೇಕೆಂದು ಆಕೆಗೆ ಹೇಳಿ ಕಳುಹಿಸಿದ್ದೇನೆ."